ಚೀನೀ ಸಿನಿಮಾದ ‘ಅಂಕಲ್’ ಯಾರು?

ಮಾನ್ಯ ಸಂಪಾದಕರೇ,

ಚೀನಾದ ಸ್ವತಂತ್ರ ಸಿನಿಮಾಗಳು ನಮ್ಮ ಫಿಲ್ಮ್ ಸೊಸೈಟಿಗಳಿಗೆ ಬಂದಾಗ ಪರದೆಯ ಕೆಳಗೆ ಓಡುವುದು ಇಂಗ್ಲಿಷ್. ಮನೆತನದ ಕಥೆಗಳಿಗೆ ಅದು ಸಾಲದು. ಇವಕ್ಕೆ ಕನ್ನಡ ಸಬ್‌ಟೈಟಲ್ ಮಾಡಿಸಲೇಬೇಕು.

ಗು ಶಿಯಾವೊಗಾಂಗ್ ಅವರ ‘ಡ್ವೆಲಿಂಗ್ ಇನ್ ದ ಫುಚುನ್ ಮೌಂಟನ್ಸ್’ (2019) ತೆಗೆದುಕೊಳ್ಳಿ. ಹಾಂಗ್‌ಝೌ ಬಳಿಯ ಫುಯಾಂಗ್‌ನಲ್ಲಿ ನಾಲ್ವರು ಅಣ್ಣತಮ್ಮಂದಿರು. ಮರೆವಿಗೆ ಜಾರುತ್ತಿರುವ ತಾಯಿ ಯಾರ ಪಾಲಿಗೆ ಎಂಬುದು ಅವರ ನಡುವಿನ ಜಗ್ಗಾಟ. ಹಿರಿಯನ ಮಗಳಿಗೆ ಉಳಿದ ಮೂವರೂ ಚಿಕ್ಕಪ್ಪಂದಿರು. ಮೂರನೆಯವನ ಮಗನಿಗೆ ಆ ಹಿರಿಯ ದೊಡ್ಡಪ್ಪ. ಇಂಗ್ಲಿಷಿನಲ್ಲಿ ಎಲ್ಲರೂ ‘ಅಂಕಲ್’! ಚೀನೀ ಭಾಷೆಯಲ್ಲಿ ಅಪ್ಪನ ಅಣ್ಣ ‘ಬೊಬೊ’, ಅಪ್ಪನ ತಮ್ಮ ‘ಶುಶು’, ಅಮ್ಮನ ಒಡಹುಟ್ಟಿದವನು ‘ಜಿಯುಜಿಯು’. ಸೋದರತ್ತೆಗೆ ‘ಗುಗು’. ಒಂದೊಂದಕ್ಕೂ ನಮ್ಮಲ್ಲಿ ಮಾತು ಸಿದ್ಧವಾಗಿದೆ. ತಾಯಿಯ ಹೊಣೆ ಮೊದಲು ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನು ‘ದೊಡ್ಡಪ್ಪ’ ಎಂಬ ಒಂದೇ ಮಾತು ಹೇಳಿಬಿಡುತ್ತದೆ.

ಕನ್ನಡವೇ ದಾರಿ ತಪ್ಪಿಸುವ ಜಾಗವೂ ಒಂದಿದೆ. ಅಪ್ಪನ ಅಣ್ಣತಮ್ಮಂದಿರ ಮಕ್ಕಳು ಅಲ್ಲಿ ‘ತಾಂಗ್’. ಸೋದರತ್ತೆ, ಸೋದರಮಾವ, ದೊಡ್ಡಮ್ಮ, ಚಿಕ್ಕಮ್ಮಂದಿರ ಮಕ್ಕಳೆಲ್ಲ ‘ಬಿಯಾವೊ’. ‘ಬಿಯಾವೊಮೇ’ (ಇಂಥ ಸಂಬಂಧದ ಕಿರಿಯಳು) ಬಂದಾಗ ‘ಮಾವನ ಮಗಳು’ ಎಂದು ಬರೆದರೆ ನಮ್ಮ ಪ್ರೇಕ್ಷಕರಿಗೆ ಮದುವೆಯ ವಾಸನೆ ಬಡಿಯುತ್ತದೆ. ಚೀನಾದಲ್ಲಿ 1980ರ ವಿವಾಹ ಕಾಯ್ದೆಯ ಕಾಲದಿಂದಲೂ ಅಂಥ ಮದುವೆಯೇ ನಿಷಿದ್ಧ. ಅಲ್ಲಿ ‘ತಂಗಿ’ ಎಂದಷ್ಟೇ ಬರೆಯುವುದು ಕ್ಷೇಮ.

ಹೆಸರುಗಳ ಕಡೆಗೂ ಕಣ್ಣಿರಲಿ. ಲಿ ರುಯಿಜುನ್ ಅವರ ‘ರಿಟರ್ನ್ ಟು ಡಸ್ಟ್’ನಲ್ಲಿ (2022) ಮನೆಯವರು ಸಾಗಹಾಕಲೆಂದೇ ಮದುವೆ ಮಾಡಿಸಿದವನ ಹೆಸರು ಯೌತಿಯೆ, ಮದುವೆ ಕುದುರಿಸಿದ ಅಣ್ಣ ಯೌತುಂಗ್. ‘ತಿಯೆ’ ಕಬ್ಬಿಣ, ‘ತುಂಗ್’ ತಾಮ್ರ. ತಾಮ್ರಕ್ಕಿಂತ ಕಬ್ಬಿಣ ಅಗ್ಗ, ಮನೆಯಲ್ಲಿ ತಮ್ಮನ ಬೆಲೆಯೂ ಅಷ್ಟೇ. ಹೆಸರು ಮೊದಲ ಸಲ ಕೇಳಿದಾಗಲೇ ಅರ್ಥವನ್ನು ಸೇರಿಸದಿದ್ದರೆ ಆಮೇಲೆ ಸೇರಿಸಲು ಎಡೆ ಸಿಗದು.

ಅನುವಾದಕ್ಕೆ ಚೀನಾದ ಅಧಿಕೃತ ನುಡಿಯಾದ ಮ್ಯಾಂಡರಿನ್ ಕಲಿತವರನ್ನು ಕೂರಿಸಿ ‘ಕೇಳಿ ಬರೆಯಿರಿ’ ಎಂದರೆ ಕೆಲಸ ಕೆಡುತ್ತದೆ. ಮೊದಲ ಚಿತ್ರದ ಮಾತು ಫುಯಾಂಗ್‌ನದು, ಎರಡನೆಯದರದು ಗಾನ್ಸು ಪ್ರಾಂತದ ಆಡುನುಡಿ, ಬೀಜಿಂಗಿನವರಿಗೂ ತೊಡಕು. ಚೀನೀ ಲಿಪಿಯ ಸಬ್‌ಟೈಟಲ್ ಅಥವಾ ಸಂಭಾಷಣೆಯ ಪಟ್ಟಿಯನ್ನು ವಿತರಕರಿಂದ ತರಿಸಿಕೊಂಡು ಅದರಿಂದಲೇ ಅನುವಾದಿಸಬೇಕು. ಇಂಗ್ಲಿಷ್ ಸಾಲು ಟೈಮಿಂಗ್‌ಗೆ, ಅಂದರೆ ಸಾಲು ಯಾವಾಗ ಮೂಡಿ ಮರೆಯಾಗಬೇಕೆಂದು ತಿಳಿಯಲು ಮಾತ್ರ ಸಾಕು.

ಇನ್ನು ಅಕ್ಷರದ ಕಥೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಪರದೆಯ ಮೇಲೆ ಕಸವಾಗುತ್ತದೆ. ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಟೈಪ್ ಮಾಡಿ, ಕಡತವನ್ನು ಅದರ ಯುಟಿಎಫ್-8 ರೂಪದಲ್ಲೇ ಉಳಿಸಬೇಕು. ‘ಸ್ತ್ರೀ’ ನಮಗೆ ಒಂದಕ್ಷರ, ಯೂನಿಕೋಡಿನ ಲೆಕ್ಕದಲ್ಲಿ 6. ಸಾಲಿಗೆ 42 ಅಕ್ಷರ ಎಂಬ ಮಿತಿ ಇಟ್ಟ ತಂತ್ರಾಂಶಗಳು ಇದರಿಂದಲೇ ‘ಸಾಲು ಉದ್ದವಾಯಿತು’ ಎಂದು ಸುಮ್ಮನೆ ಗೊಣಗುತ್ತವೆ. ಅವನ್ನು ನಂಬದೆ ಗಟ್ಟಿಯಾಗಿ ಓದಿ ಅಳೆಯಿರಿ. ಎರಡು ಸಾಲಿಗಿಂತ ಹೆಚ್ಚು ಬೇಡ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಅಂತರವಿರಲಿ. ಕೆಲವು ಪ್ಲೇಯರ್‌ಗಳು ಒತ್ತನ್ನು ಬಿಡಿಸಿ ತೋರಿಸುತ್ತವೆ. ಪ್ರದರ್ಶನ ನಡೆಯುವ ಯಂತ್ರದಲ್ಲೇ ಹತ್ತು ನಿಮಿಷ ಓಡಿಸಿ ನೋಡಬೇಕು.

ಅಂದ ಹಾಗೆ, ಚೀನಾದ ಸ್ವತಂತ್ರ ಚಿತ್ರವೆಂದ ಕೂಡಲೇ ಪೋಸ್ಟರಿನಲ್ಲಿ ‘ನಿಷೇಧಿತ’ ಎಂದು ಅಚ್ಚು ಹಾಕುವ ಚಾಳಿ ಬಿಡಬೇಕು. ಮೇಲಿನ ಎರಡಕ್ಕೂ ಅಲ್ಲಿನ ‘ಡ್ರ್ಯಾಗನ್ ಮುದ್ರೆ’, ಅಂದರೆ ಸೆನ್ಸಾರ್ ಪರವಾನಗಿ ಸಿಕ್ಕಿತ್ತು. ‘ರಿಟರ್ನ್ ಟು ಡಸ್ಟ್’ 2022ರ ಜುಲೈನಲ್ಲಿ ಅಲ್ಲಿನ ಚಿತ್ರಮಂದಿರಗಳಿಗೆ ಬಂತು. ಆನ್‌ಲೈನ್ ವೇದಿಕೆಗಳಿಂದ ಮಾಯವಾದದ್ದು ಸೆಪ್ಟೆಂಬರಿನಲ್ಲಿ. ಉತ್ಸವದ ಪ್ರತಿಗೂ ಅಲ್ಲಿನ ಪ್ರತಿಗೂ ಕೊನೆಯ ಭಾಗ ಒಂದೇ ಅಲ್ಲ. ಯಾವ ಪ್ರತಿ ಬರುತ್ತಿದೆ ಎಂದು ವಿತರಕರನ್ನು ಕೇಳಿ ಖಚಿತ ಮಾಡಿಕೊಂಡ ಮೇಲೆಯೇ ಟೈಮಿಂಗ್‌ಗೆ ಕೈ ಹಾಕಬೇಕು.

– ಸಬ್‌ಟೈಟಲ್ ಅನುವಾದಕರು, ಮೈಸೂರು