ಅರಿವು ಕೇಂದ್ರದ ಬಾಗಿಲು ರಾತ್ರಿಯೂ ತೆರೆಯಲಿ

ಮಾನ್ಯ ಸಂಪಾದಕರೇ,

ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಬೋರ್ಡು ಬಂದಿದೆ. ನಮ್ಮೂರಲ್ಲಿ ಗೋಡೆಗೆ ಬಣ್ಣ ಬಳಿದಿದ್ದಾರೆ, ಕಂಪ್ಯೂಟರ್ ಇಟ್ಟಿದ್ದಾರೆ. 2020ರಲ್ಲಿ ಮಕ್ಕಳನ್ನು ಓದಿಗೆ ಹಚ್ಚುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಒಳ್ಳೆಯ ಕೆಲಸ, ಮೆಚ್ಚಬೇಕಾದ್ದೇ. ಆದರೆ ಅದರ ಬಾಗಿಲು ತೆರೆದಿರುವಾಗ ನಮ್ಮೂರ ಹೆಂಗಸರು ಹೊಲದಲ್ಲಿರುತ್ತಾರೆ. ಅವರ ಅಡುಗೆ, ಊಟ, ಪಾತ್ರೆ ಎಲ್ಲ ಮುಗಿಯುವಷ್ಟರಲ್ಲಿ ಅಲ್ಲಿ ಬೀಗ ಬಿದ್ದಿರುತ್ತದೆ. ಆ ಬೀಗದ ಬಗ್ಗೆ ಬರೆಯುತ್ತಿದ್ದೇನೆ.

ನಾನು ರಾಯಚೂರು ಜಿಲ್ಲೆಯವಳು. ದೊಡ್ಡವರಿಗೆ ಅಕ್ಷರ ಕಲಿಸುವ ‘ಸಾಕ್ಷರ ಭಾರತ’ದಲ್ಲಿ ಪ್ರೇರಕಿಯಾಗಿದ್ದೆ, ಅಂದರೆ ಕಲಿಯುವವರನ್ನು ಕರೆತಂದು ಕಲಿಸುವವಳು. 2009ರಲ್ಲಿ ಹೆಂಗಸರನ್ನೇ ಮುಖ್ಯವಾಗಿಟ್ಟುಕೊಂಡು ಶುರು ಮಾಡಿದ ಯೋಜನೆ ಅದು. ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ಇಬ್ಬರು ಪ್ರೇರಕರು, ತಿಂಗಳಿಗೆ ತಲಾ 2,000 ರೂಪಾಯಿ ಗೌರವಧನ. 2018ರ ಮಾರ್ಚ್‌ಗೆ ಯೋಜನೆ ಮುಗಿಯಿತು. ನಮ್ಮ ಜಮಖಾನೆ, ಸ್ಲೇಟು, ಕರಿಹಲಗೆ ಎಲ್ಲ ಒಂದು ಮೂಲೆ ಸೇರಿದವು. ಪ್ರೇರಕರೂ ಮನೆ ಸೇರಿದೆವು.

ಕಲಿಕೆಗೆ ಬರುತ್ತಿದ್ದವರು ಮೊದಲು ಕೇಳುತ್ತಿದ್ದದ್ದು ಒಂದೇ: “ಅಕ್ಕೋರೆ, ಸಹಿ ಮಾಡೋದು ಕಲಿಸಿಬಿಡ್ರಿ, ಸಾಕು.” ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಲು ನಾಚಿಕೆ, ಅಷ್ಟೇ. ನಾವೂ ಕಲಿಸುತ್ತಿದ್ದೆವು. ಎಷ್ಟೋ ಕಡೆ ಸಾಕ್ಷರತೆ ಅಲ್ಲಿಗೇ ನಿಂತೂ ಬಿಟ್ಟಿತು. ಬಿಡದೆ ಬಂದವರ ಕಥೆ ಬೇರೆ. ಒಬ್ಬಾಕೆ ಮಗುವನ್ನು ತೊಡೆ ಮೇಲೆ ಹಾಕಿಕೊಂಡೇ ಬರೆಯುತ್ತಿದ್ದಳು. ಅವಳು ಬರೆದದ್ದನ್ನೆಲ್ಲ ಮಗು ಅಂಗೈಯಿಂದ ಒರೆಸಿಬಿಡುತ್ತಿತ್ತು. ಒಂದು ದಿನ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ತರಿಸಿ, ತನ್ನ ಹೆಸರು ಹುಡುಕಿ, ಸಾಲಿನುದ್ದಕ್ಕೂ ಬೆರಳಿಟ್ಟು ಓದಿದಳು. “ಹೋದ ತಿಂಗಳು ನಾ ಕೊಟ್ಟ ಇನ್ನೂರು ಎಲ್ಲೈತ್ರಿ ಇದರಾಗ?” ಅಂದಳು. ಬರೆಯುವುದು ಮರೆತಿತ್ತಂತೆ. ಅಲ್ಲೇ ಬರೆಸಿದಳು. ಅವತ್ತಿನಿಂದ ಸಂಘದ ಉಳಿದ ಹೆಂಗಸರೂ ಕೇಂದ್ರಕ್ಕೆ ಬರತೊಡಗಿದರು. ಜಾಥಾ ಮಾಡಿ, ಘೋಷಣೆ ಕೂಗಿ ಕರೆದಾಗ ಬಾರದವರು!

2011ರ ಜನಗಣತಿಯಲ್ಲಿ ರಾಜ್ಯದ ಹೆಂಗಸರ ಸಾಕ್ಷರತೆ ಶೇ 68.08. ನಮ್ಮ ಜಿಲ್ಲೆಯಲ್ಲಿ ಶೇ 48.73. ಅದಾದ ಮೇಲೆ 2021ರಲ್ಲಿ ಎಣಿಸಬೇಕಿತ್ತು, ಎಣಿಸಲಿಲ್ಲ. ಮಕ್ಕಳು ಶಾಲೆಗೆ ಹೋಗುತ್ತಿರುವುದರಿಂದ ಅಂಕಿ ತಾನಾಗಿಯೇ ಏರುತ್ತದೆ. ಆದರೆ ಆಗ ಓದಲು ಬಾರದಿದ್ದ ಮೂವತ್ತರ ಹೆಂಗಸು ಈಗ ನಲವತ್ತು ದಾಟಿದ್ದಾಳೆ. ಅವಳ ಖಾತೆಗೆ ಗೃಹಲಕ್ಷ್ಮಿ ಹಣ ಬರುತ್ತದೆ, ಮೊಬೈಲಿಗೆ ಮೆಸೇಜೂ ಬರುತ್ತದೆ. ಓದಿ ಹೇಳಲು ಮಗನೋ ಪಕ್ಕದ ಮನೆಯವನೋ ಬೇಕು. ಎಟಿಎಂ ಪಿನ್ ಕೂಡ ಅವರ ಬಾಯಲ್ಲೇ ಇರುತ್ತದೆ.

ಈಗ ‘ಉಲ್ಲಾಸ್’ ಇದೆಯಲ್ಲ ಎನ್ನುತ್ತಾರೆ. ಇದೆ. 15 ವರ್ಷ ದಾಟಿದವರಿಗೆ ಓದು ಬರಹ ಕಲಿಸಲು 2022ರಿಂದ 2027ರವರೆಗೆ ಇರುವ ಕೇಂದ್ರ ಸರ್ಕಾರದ ಯೋಜನೆ. ಕಲಿಸುವವರು ಸ್ವಯಂಸೇವಕರು, ಆ್ಯಪ್‌ನಲ್ಲಿ ಹೆಸರು ನೋಂದಾಯಿಸಬೇಕು, ಸಂಬಳ ಗೌರವಧನ ಏನೂ ಇಲ್ಲ. ಸೇವೆ ಮಾಡುವವರನ್ನು ಹೀಯಾಳಿಸುತ್ತಿಲ್ಲ. ಆದರೆ ಹಳ್ಳಿಯಲ್ಲಿ ಓದಿದ ಹುಡುಗಿ ಎಷ್ಟು ದಿನ ಸುಮ್ನೆ ಬಂದು ಕಲಿಸುತ್ತಾಳೆ? ಪಿಯುಸಿ ಮುಗಿದರೆ ಊರು ಬಿಡುತ್ತಾಳೆ, ಇಲ್ಲವೇ ಮದುವೆಯಾಗುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ಕಲಿಯುವವರೂ ಬರುವುದಿಲ್ಲ. ಆಗ ಮನೆ ಮನೆಗೆ ಹೋಗಿ ಕರೆಯಬೇಕು, ಅಮಾವಾಸ್ಯೆಗೆ ಹೊಲದ ಕೆಲಸ ಬಿಟ್ಟಿರುತ್ತಾರೆಂದು ಅವತ್ತು ಜಾಸ್ತಿ ಹೊತ್ತು ಕೂರಿಸಿಕೊಳ್ಳಬೇಕು, ಗಂಡ ಬೈದರೆ ಅವನ ಹತ್ತಿರವೂ ಹೋಗಿ ಮಾತಾಡಬೇಕು. ಇದನ್ನೆಲ್ಲ ಆ್ಯಪ್ ಮಾಡುತ್ತದಾ?

ಹುಡುಗಿಯರ ವಿಷಯ ಇನ್ನೂ ಕಷ್ಟ. ಏಳನೇ ಕ್ಲಾಸು ಊರಲ್ಲಿ ಮುಗಿಯುತ್ತದೆ, ಹೈಸ್ಕೂಲು ಬೇರೆ ಊರಲ್ಲಿ. ಬಸ್ಸು ಈಗ ಪುಕ್ಕಟೆಯೇ, ಆದರೆ ಆ ಹೊತ್ತಿಗೆ ಬಸ್ಸು ಬರಬೇಕಲ್ವಾ? ಶಾಲೆ ಬಿಟ್ಟ ಇಂಥ ಹುಡುಗಿಯರನ್ನು ಕರೆತಂದು, ಉಳಿಸಿಕೊಂಡು ಓದಿಸಲು ಹಿಂದೆ ‘ಮಹಿಳಾ ಸಮಖ್ಯಾ’ ಎಂಬ, ಹಳ್ಳಿ ಹೆಂಗಸರ ಶಿಕ್ಷಣದ ಕಾರ್ಯಕ್ರಮದ ಮಹಿಳಾ ಶಿಕ್ಷಣ ಕೇಂದ್ರಗಳಿದ್ದವು. ದೇಶದಲ್ಲಿ ಮೊದಲು ಆ ಕಾರ್ಯಕ್ರಮ ಶುರುವಾದ ಮೂರು ರಾಜ್ಯಗಳಲ್ಲಿ ನಮ್ಮದೂ ಒಂದು. 2016ರಲ್ಲಿ ಕೇಂದ್ರ ಸರ್ಕಾರದ ಹಣ ನಿಂತಿತು. ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಲು ಈಗಲೂ ಅವಕಾಶವಿದೆ. ಆ ಅರ್ಜಿ ಎಲ್ಲಿ ಸಿಗುತ್ತದೆ, ಯಾರು ತುಂಬಿಕೊಡುತ್ತಾರೆ, ಗಣಿತ ಯಾರು ಹೇಳಿಕೊಡುತ್ತಾರೆ ಎಂಬುದು ಮಾತ್ರ ಹತ್ತಿ ಬಿಡಿಸುತ್ತಿರುವ ಹುಡುಗಿಗೆ ಗೊತ್ತಾಗುವ ದಾರಿಯಿಲ್ಲ.

ಹೊಸ ಕಟ್ಟಡ ಬೇಡ, ಹೊಸ ಹೆಸರಂತೂ ಬೇಡವೇ ಬೇಡ. ಇರುವ ಅರಿವು ಕೇಂದ್ರವನ್ನು ರಾತ್ರಿ ಎಂಟರಿಂದ ಒಂಬತ್ತೂವರೆಯವರೆಗೆ ಹೆಂಗಸರಿಗಾಗಿ ತೆರೆಯಲಿ. ದಿನವಿಡೀ ಕೂತ ಗ್ರಂಥಾಲಯ ಮೇಲ್ವಿಚಾರಕರ ತಲೆಗೇ ಇದನ್ನೂ ಕಟ್ಟಬಾರದು, ಅವರಿಗೂ ಮನೆಯಿದೆ. ಅದೇ ಊರಿನ ಒಬ್ಬ ಹೆಣ್ಣುಮಗಳಿಗೆ ಗೌರವಧನ ಕೊಟ್ಟು ಕೆಲಸ ಒಪ್ಪಿಸಲಿ. ಕೇಂದ್ರದ ಮುಂದೆ ಒಂದು ದೀಪ ಹಾಕಲಿ. ಕತ್ತಲೆಂದು ಅತ್ತೆಯರು ಕಳಿಸದೇ ಇದ್ದದ್ದನ್ನು ನೋಡಿದ್ದೇನೆ. ಹುಡುಗಿಯರ ಪರೀಕ್ಷೆ ಅರ್ಜಿ ಅಲ್ಲೇ ತುಂಬಿಸಲಿ.

ಜಿಲ್ಲಾ ಪಂಚಾಯಿತಿಯವರು ಒಂದೇ ತಾಲ್ಲೂಕಿನಲ್ಲಾದರೂ, ಹತ್ತಿ ಕೆಲಸ ಮುಗಿಯುವ ಫೆಬ್ರುವರಿಯಲ್ಲಿ ಶುರು ಮಾಡಿ ನೋಡಲಿ. ಕಲಿಸಲು ಕರೆದರೆ ನಾನೂ ಬರುತ್ತೇನೆ. ಗೌರವಧನ ಮಾತ್ರ ಕೇಳಿಯೇ ಕೇಳುತ್ತೇನೆ.

– ಮಾಜಿ ಪ್ರೇರಕಿ, ರಾಯಚೂರು ಜಿಲ್ಲೆ