ತೂಗಿ ನೋಡದ ಲೆಕ್ಕ ನಂಬಬೇಡ

ಚಿ. ಸಿಂಧುಗೆ ಸೋದರಮಾವನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ನಿನ್ನ ಕಾಗದ ಓದಿ ತುಂಬ ಸಂತೋಷವಾಯಿತು. ಕ್ಯಾಲಿಫೋರ್ನಿಯಾದ ನಿಮ್ಮ ಬಳಗ ಎರಡು ಸೀಟಿನ ವಿಮಾನಗಳಿಗೆ ಮೈಲೇಜ್ ಸ್ಪರ್ಧೆ ಇಡುತ್ತಿದೆ, ನಿಯಮ ಬರೆಯುವುದೂ ಅಳತೆ ನೋಡಿಕೊಳ್ಳುವುದೂ ನಿನ್ನ ಹೆಗಲಿಗೆ ಬಿದ್ದಿದೆ ಎಂದಿದ್ದೀಯ. ವಿಮಾನ ಹಾರಿಸುವವರಿಗಿಂತ ನಿನ್ನ ಕೆಲಸವೇ ದೊಡ್ಡದು. ನೀನು ಏನನ್ನು ಅಳೆಯುತ್ತೀಯೋ ಜನ ಅದಕ್ಕೆ ತಕ್ಕ ವಿಮಾನವನ್ನೇ ಕಟ್ಟಿಕೊಂಡು ಬರುತ್ತಾರೆ.

2011ರಲ್ಲಿ ನಿಮ್ಮ ಕಡೆಯ ಸಾಂಟಾ ರೋಸಾದಲ್ಲೇ ನಾಸಾದ ಹಣ, ವಿಮಾನಗಳ ದಕ್ಷತೆ ಅಳೆಯುವ ಸಂಸ್ಥೆಯಾದ ಕೆಫೆ ಫೌಂಡೇಶನ್‌ನ ಉಸ್ತುವಾರಿಯಲ್ಲಿ ನಡೆದ ಗ್ರೀನ್ ಫ್ಲೈಟ್ ಚಾಲೆಂಜ್ ನೋಡು. 200 ಮೈಲಿ, ಎರಡು ಗಂಟೆಯೊಳಗೆ, ತಲೆಗೆ ಒಂದು ಗ್ಯಾಲನ್ ಮೀರದಂತೆ ಎಂಬುದು ನಿಯಮ. ಲೆಕ್ಕ ತಲೆಗೆ ಇಷ್ಟು ಎಂದು ಇದ್ದದ್ದರಿಂದಲೇ ಸ್ಲೊವೇನಿಯಾದ ಪಿಪಿಸ್ಟ್ರೆಲ್‌ನವರು ಎರಡು ಟಾರಸ್ ಗ್ಲೈಡರುಗಳ ಒಡಲನ್ನು ಒಂದೇ ರೆಕ್ಕೆಗೆ ಜೋಡಿಸಿ, ನಡುವೆ 145 ಕಿಲೋವಾಟ್ ವಿದ್ಯುತ್ ಮೋಟರು ಕೂರಿಸಿ, ನಾಲ್ಕು ಸೀಟು ಮಾಡಿದರು. ಗ್ಯಾಲನ್ನಿಗೆ 403.5 ಪ್ರಯಾಣಿಕ ಮೈಲಿ ಬಂತು, 13.5 ಲಕ್ಷ ಡಾಲರ್ ಬಹುಮಾನವೂ ಬಂತು. ವಿಮಾನದ ಲೆಕ್ಕದಲ್ಲಿ ನೋಡಿದರೆ ಅದು ಗ್ಯಾಲನ್ನಿಗೆ ನೂರು ಮೈಲಿ ಚಿಲ್ಲರೆ, ಉಳಿದದ್ದು ನಾಲ್ಕರ ಗುಣಾಕಾರ. ಎರಡನೆಯದಾಗಿ ಬಂದ ಜರ್ಮನಿಯ ಇ-ಜೀನಿಯಸ್ ಎರಡೇ ಸೀಟಿನಲ್ಲಿ 375.8 ಮಾಡಿತ್ತು. ನನಗೆ ಅದೇ ಹೆಚ್ಚು ಮೆಚ್ಚುಗೆ. ವಿದ್ಯುತ್ ವಿಮಾನಕ್ಕೂ ಜಾಗ ಕೊಡುವುದಾದರೆ ಒಂದು ಗ್ಯಾಲನ್ ಪೆಟ್ರೋಲಿಗೆ 33.7 ಯೂನಿಟ್ ಎಂದು ಹಿಡಿಯುವುದು ವಾಡಿಕೆ. ಆದರೆ ವಿದ್ಯುತ್ ತಯಾರಾಗುವ ಸ್ಥಾವರದಲ್ಲಿ ಸೋರಿಹೋದ ಶಾಖ ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಎರಡು ವರ್ಗ ಬೇರೆಯೇ ಇಡು.

ಬರೀ ಮೈಲೇಜಿಗೆ ಅಂಕ ಕೊಡಬೇಡ. ಹಾಗೆ ಕೊಟ್ಟರೆ ಮೋಟರ್ ಗ್ಲೈಡರುಗಳು ತೆವಳಿಕೊಂಡು ಗೆಲ್ಲುತ್ತವೆ, ದಿನಬಳಕೆಯ ವಿಮಾನ ಒಂದಿಷ್ಟೂ ಸುಧಾರಿಸುವುದಿಲ್ಲ. 1980ರ ದಶಕದ ಕೆಫೆ 400 ಓಟಗಳಲ್ಲಿ ಮೈಲೇಜು, ವೇಗ, ಹೊತ್ತ ಭಾರ ಮೂರನ್ನೂ ಸೇರಿಸಿಯೇ ಅಂಕ ಹಾಕುತ್ತಿದ್ದರು. ಅದಕ್ಕೆ ಆಧಾರವೂ ಇದೆ. ಗಾಳಿಯ ಎಳೆತ ಅತಿ ಕಡಿಮೆಯಿರುವ ವೇಗಕ್ಕಿಂತ 32 ಪ್ರತಿಶತ ಜೋರಾಗಿ ಹಾರಿದರೆ ಎಳೆತ ಹೆಚ್ಚುವುದು ಸುಮಾರು 16 ಪ್ರತಿಶತದಷ್ಟೇ. ಅಮೆರಿಕದ ನೌಕಾ ಅಕಾಡೆಮಿಯ ಪ್ರೊಫೆಸರ್ ಕಾರ್ಸನ್ ತೋರಿಸಿಕೊಟ್ಟದ್ದು ಇದನ್ನೇ. ಪ್ರತಿ ತಂಡವೂ ತನ್ನ ವಿಮಾನಕ್ಕೆ ಆ 32 ಪ್ರತಿಶತ ಜೋರಿನ ವೇಗ ಎಷ್ಟೆಂಬುದನ್ನು ಮೊದಲು ಕಂಡುಕೊಂಡು ಬರಲಿ.

ಇನ್ನು ಇಂಧನದ ಅಳತೆ. ಹೆಚ್ಚಿನ ಜಗಳ ಹುಟ್ಟುವುದು ಇಲ್ಲೇ. 'ಟ್ಯಾಂಕ್ ತುಂಬಿಸಿ ಹಾರು, ಬಂದು ಮತ್ತೆ ತುಂಬಿಸು, ಎಷ್ಟು ಹಿಡಿಯಿತು ನೋಡು' ಎನ್ನುವ ಪದ್ಧತಿಗೆ ಒಪ್ಪಬೇಡ. ರೆಕ್ಕೆಯೊಳಗಿನ ಟ್ಯಾಂಕು ಚಪ್ಪಟೆ. ಪೆಟ್ರೋಲಿನ ಮೇಲ್ಮೈ 0.8 ಚದರ ಮೀಟರ್ ಇದ್ದರೆ ಮಟ್ಟದಲ್ಲಿ 3 ಮಿಲಿಮೀಟರ್ ವ್ಯತ್ಯಾಸವೆಂದರೆ 2.4 ಲೀಟರ್. ವಿಮಾನ ವಾಲಿ ಮಟ್ಟ ಅಷ್ಟು ಬದಲಾಗಲು ಒಂದು ಟೈರಿನ ಗಾಳಿ ಸ್ವಲ್ಪ ಕಮ್ಮಿಯಾದರೂ ಸಾಕು. ಮೇಲಾಗಿ ಬೆಳಗಿನಿಂದ ಮಧ್ಯಾಹ್ನಕ್ಕೆ ಬಿಸಿ 20 ಡಿಗ್ರಿ ಏರಿದರೆ 50 ಲೀಟರ್ ಪೆಟ್ರೋಲು ಸುಮಾರು ಒಂದು ಲೀಟರ್ ಹಿಗ್ಗುತ್ತದೆ. ತೂಕ ಹಿಗ್ಗುವುದಿಲ್ಲ. ಆದ್ದರಿಂದ ಹೊರಡುವ ಮುಂಚೆ ಮತ್ತು ಇಳಿದ ಮೇಲೆ ವಿಮಾನವನ್ನೇ ಮೂರು ಚಕ್ರಕ್ಕೂ ತಕ್ಕಡಿ ಕೊಟ್ಟು ತೂಗು. ಹ್ಯಾಂಗರಿನ ಬಾಗಿಲು ಮುಚ್ಚಿರಬೇಕು. ಸಣ್ಣ ಗಾಳಿ ಬೀಸಿದರೂ ರೆಕ್ಕೆ ಎತ್ತಿಕೊಂಡು ಮುಳ್ಳು ಅಲ್ಲಾಡುತ್ತದೆ. ಬ್ರೇಕು ಬಿಟ್ಟಿರಬೇಕು, ಇಲ್ಲದಿದ್ದರೆ ಟೈರು ಪಕ್ಕಕ್ಕೆ ಒತ್ತಿಕೊಂಡು ತಪ್ಪು ತೂಕ ತೋರಿಸುತ್ತದೆ. ಪೈಲಟ್ ಕೆಳಗಿಳಿದಿರಲಿ, ಒಳಗೆ ನೀರಿನ ಬಾಟಲಿಯೂ ಉಳಿಯದಿರಲಿ. ಮೂರು ಸಲ ತೂಗಿ, ಪ್ರತಿ ಸಲವೂ ವಿಮಾನವನ್ನು ತಕ್ಕಡಿಯಿಂದ ಇಳಿಸಿ ಮತ್ತೆ ಹತ್ತಿಸು.

ಕೊಳವೆಯಲ್ಲಿ ಹರಿಯುವ ಪೆಟ್ರೋಲನ್ನು ಅಳೆಯುವ ಫ್ಲೋ ಮೀಟರನ್ನು ಪೈಲಟ್ ನೋಡಿಕೊಳ್ಳಲಿ, ತೀರ್ಪು ಅದರಿಂದ ಬೇಡ. ಸಣ್ಣ ವಿಮಾನಗಳಲ್ಲಿ ಬಳಸುವ ರೋಟಾಕ್ಸ್ ಎಂಜಿನ್ನಿನಲ್ಲಿ ಉಳಿದ ಪೆಟ್ರೋಲು ಟ್ಯಾಂಕಿಗೆ ವಾಪಸ್ ಹೋಗುವ ಕೊಳವೆ ಇರುತ್ತದೆ. ಹೋಗುವ ಕೊಳವೆಗೆ ಮಾತ್ರ ಮೀಟರ್ ಹಾಕಿದರೆ ಉರಿದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಎರಡಕ್ಕೂ ಹಾಕಿ ಕಳೆದರೆ, ದೊಡ್ಡ ಎರಡು ಅಂಕಿಗಳ ಸಣ್ಣ ವ್ಯತ್ಯಾಸದಲ್ಲಿ ದೋಷ ದೊಡ್ಡದಾಗುತ್ತದೆ. ಜೊತೆಗೆ ಬಿಸಿಲಿಗೆ ಆವಿಯ ಗುಳ್ಳೆ ಬಂದರೆ ಮೀಟರಿನ ಚಕ್ರ ಸುಮ್ಮನೆ ತಿರುಗುತ್ತದೆ.

ವೇಗದ ಪರೀಕ್ಷೆ ಬೆಳಗಿನ ಜಾವವೇ ಆಗಲಿ, ನೆಲ ಕಾದ ಮೇಲೆ ಗಾಳಿ ಏಳುತ್ತದೆ. 120 ಡಿಗ್ರಿ ಅಂತರದ ಮೂರು ದಿಕ್ಕಿಗೆ ತಲಾ ಮೂರು ನಿಮಿಷ ಒಂದೇ ಎತ್ತರ, ಒಂದೇ ವೇಗ ಹಿಡಿದು ಹಾರಿ, ಜಿಪಿಎಸ್ ವೇಗದಿಂದ ಗಾಳಿಯ ಪಾಲನ್ನು ಕಳೆಯಬಹುದು. ಕಾಕ್‌ಪಿಟ್ಟಿನ ವೇಗಮಾಪಕ ಎಷ್ಟು ಸುಳ್ಳು ಹೇಳುತ್ತಿದೆ ಎಂಬುದೂ ಆಗಲೇ ಗೊತ್ತಾಗುವುದು. ಎತ್ತರದ ವಿಷಯದಲ್ಲಿ ಸಡಿಲ ಬಿಡಬೇಡ. 600 ಕಿಲೋ ವಿಮಾನ 35 ಕಿಲೋವಾಟ್‌ನಲ್ಲಿ ಹಾರುವಾಗ ಮೂರು ನಿಮಿಷದಲ್ಲಿ ನೂರೇ ಅಡಿ ಇಳಿದರೂ ಎಂಜಿನ್ ಶಕ್ತಿಯ ಸುಮಾರು 3 ಪ್ರತಿಶತ ಪುಕ್ಕಟೆ ಸಿಕ್ಕಂತೆ. ಬಂದ ಅಂಕಿಗಳ ಜೊತೆ ಎತ್ತರ, ಉಷ್ಣತೆ ಬರೆದಿಡದಿದ್ದರೆ ಒಂದು ದಿನದ ಹಾರಾಟವನ್ನು ಇನ್ನೊಂದಕ್ಕೆ ಹೋಲಿಸಲಾಗದು. ನಮ್ಮ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಇಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು (ಎನ್‌ಎಎಲ್) ತಮ್ಮ ಎರಡು ಸೀಟಿನ ತರಬೇತಿ ವಿಮಾನ ಹಂಸ-ಎನ್‌ಜಿಯನ್ನು 2022ರಲ್ಲಿ ಪುದುಚೇರಿಗೆ ಒಯ್ದು ಸಮುದ್ರಮಟ್ಟದಲ್ಲಿ ಬೇರೆಯಾಗಿ ಪರೀಕ್ಷಿಸಿದ್ದನ್ನು ನೆನಪಿಸಿಕೋ.

ಕಡೆಯದಾಗಿ ಒಂದು, ಇದರಲ್ಲಿ ಯಾರ ಮುಲಾಜಿಗೂ ಬೀಳಬೇಡ. ಇಂಧನ ಉಳಿಸುವ ಹುಮ್ಮಸ್ಸಿನಲ್ಲಿ ಟ್ಯಾಂಕ್ ಬರಿದು ಮಾಡಿಕೊಂಡು ಬರುವವರು ಇರುತ್ತಾರೆ. ಇಳಿದಾಗ 30 ನಿಮಿಷ ಹಾರುವಷ್ಟು ಪೆಟ್ರೋಲು ತೂಕದಲ್ಲಿ ಉಳಿದಿರಲೇಬೇಕು, ಇಲ್ಲದಿದ್ದರೆ ಅಂಕ ಸೊನ್ನೆ ಎಂದು ಬರೆ. ಹಾಗೆಯೇ, ಗಾಳಿ-ಪೆಟ್ರೋಲಿನ ಮಿಶ್ರಣವನ್ನು ತೆಳುಮಾಡುವುದು, ಅಂದರೆ ಅದರಲ್ಲಿ ಪೆಟ್ರೋಲಿನ ಪಾಲು ತಗ್ಗಿಸುವುದು, ಎಂಜಿನ್ನಿನ ಕಡಿಮೆ ಶಕ್ತಿಯಲ್ಲಿ, 65 ಪ್ರತಿಶತದ ಕೆಳಗೆ, ಸಿಲಿಂಡರ್ ತಲೆಯ ಬಿಸಿಯ ಮೇಲೆ ಕಣ್ಣಿಟ್ಟುಕೊಂಡು ಮಾತ್ರ. ಪೂರ್ತಿ ಶಕ್ತಿಯಲ್ಲಿ ತೆಳುಮಾಡಿದರೆ ಇಂಧನ ಒಮ್ಮೆಗೇ ಸಿಡಿದು ಪಿಸ್ಟನ್ ತೂತಾಗಬಹುದು.

ನಿಯಮದ ಕರಡು ಸಿದ್ಧವಾದ ಕೂಡಲೇ ನನಗೊಂದು ಪ್ರತಿ ಕಳಿಸು, ತೂಕದ ಪಟ್ಟಿಯ ನಮೂನೆಯನ್ನೂ ಜೊತೆಗಿಡು. ಊಟ ನಿದ್ದೆ ಬಿಡಬೇಡ.

ಇಂತಿ ನಿನ್ನ ಪ್ರೀತಿಯ
ಮಾವ