ಕಷಾಯಕ್ಕೂ ಅಳತೆ ಇತ್ತು

ಮಾನ್ಯರೇ,

ಮಳೆ ಹಿಡಿದರೆ ಸಾಕು, ‘ಹಿಂದಿನವರ ಕಷಾಯ’ದ ವಾಟ್ಸ್‌ಆ್ಯಪ್ ಸಂದೇಶಗಳು ಮಲೆನಾಡಿನ ಮನೆಮನೆ ಸುತ್ತುತ್ತವೆ. ಒಂದು ಹಿಡಿ ಅಮೃತಬಳ್ಳಿ, ಒಂದು ಹಿಡಿ ನೆಲಬೇವು, ಕುದಿಸಿ ಕುಡಿಯಿರಿ ಎಂದಷ್ಟೇ ಇರುತ್ತದೆ. ಹಿಂದಿನವರದು ಹಿಡಿ ಲೆಕ್ಕವಲ್ಲ.

ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠವನ್ನು 1162ರ ಶಾಸನ ಅನಾಥ ರೋಗಿಗಳಿಗೆ ಮದ್ದು ಮಾಡುವ ಸ್ಥಾನವೆಂದೇ ಬಣ್ಣಿಸುತ್ತದೆ. ಮಧ್ಯಯುಗದ ವೈದ್ಯರ ಕೈಪಿಡಿ ಶಾರ್ಙ್ಗಧರ ಸಂಹಿತೆಯಲ್ಲಿ ಕಷಾಯದ ಅಳತೆ ಸ್ಪಷ್ಟವಾಗಿದೆ. ಒಂದು ಪಲ, ಅಂದರೆ 4 ತೊಲ, ಈಗಿನ ಸುಮಾರು 48 ಗ್ರಾಂ ಒಣಮದ್ದಿಗೆ 16 ಪಾಲು ನೀರು. ಮಣ್ಣಿನ ಗಡಿಗೆ, ಸಣ್ಣ ಉರಿ. ಎಂಟರಲ್ಲೊಂದು ಪಾಲಿಗೆ ಇಳಿಸಬೇಕು. ಮುಕ್ಕಾಲು ಲೀಟರ್ ನೀರು ಕೊನೆಗೆ ನೂರು ಮಿ.ಲೀ. ಒಳಗೆ ಬಂದು ನಿಲ್ಲುತ್ತದೆ.

ಮದ್ದನ್ನು ಜಜ್ಜಬೇಕು, ಹಿಟ್ಟು ಮಾಡಬಾರದು. ಹಿಟ್ಟು ತಳ ಹಿಡಿದು ಸೀಯುತ್ತದೆ. ಉರಿ ಜೋರಾದರೆ ಬೇರು, ತೊಗಟೆ ಸಾರ ಬಿಡುವ ಮೊದಲೇ ನೀರು ಆರುತ್ತದೆ. ಗಡಿಗೆಗೆ ಮುಚ್ಚಳ ಬೇಡ. ಕುಕ್ಕರಂತೂ ಬೇಡವೇ ಬೇಡ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ನೆಲ್ಲಿಕಾಯಿಯಂಥ ಹುಳಿಮದ್ದು ಕುದಿಸಿದರೆ ಕಿಲುಬು ಇಳಿದು ಹೊಟ್ಟೆ ತೊಳಸುತ್ತದೆ. ಕಷಾಯ ಅಂದಂದಿನದು. ಫ್ಲಾಸ್ಕಿನಲ್ಲಿ ತುಂಬಿ ಎರಡು ದಿನ ಇಟ್ಟರೆ ಹುಳಿ ಬರುತ್ತದೆ.

ಹಸಿಮದ್ದಾದರೆ ಒಣಗಿದ್ದರ ಇಮ್ಮಡಿ ಹಾಕಬೇಕು. ಆದರೆ ಅಮೃತಬಳ್ಳಿ, ಆಡುಸೋಗೆ, ಶತಾವರಿ ಈ ನಿಯಮಕ್ಕೆ ಹೊರತು: ಹಸಿಯಾಗಿಯೇ ಬಳಸಬೇಕು, ಇಮ್ಮಡಿ ಮಾಡಕೂಡದು. ಹಿತ್ತಲಿಂದ ಬಳ್ಳಿ ಕೊಯ್ದು ತಂದು ‘ಹಸಿಯಲ್ವಾ, ಇನ್ನೊಂಚೂರು ಇರಲಿ’ ಎನ್ನುವವರು ಎಡವುವುದು ಇಲ್ಲೇ.

ಜ್ವರದ ಬಾಯಾರಿಕೆಗೆ ಕೊಡುತ್ತಿದ್ದುದು ಕಷಾಯವೇ ಅಲ್ಲ. ಲಾವಂಚ, ಕೊನ್ನಾರಿಗೆಡ್ಡೆ, ಒಣಶುಂಠಿ ಮುಂತಾದ ಆರು ಮದ್ದು ಸೇರಿದ ಷಡಂಗ ಪಾನೀಯ ಅದು. ಆರೂ ಸೇರಿ ಒಂದೇ ತೊಲ, ನೀರು 64 ತೊಲ. ಅರ್ಧಕ್ಕೆ ಇಳಿಸಿ, ಆರಿಸಿ, ಆಗಾಗ ಗುಟುಕು ಗುಟುಕಾಗಿ ಕೊಡುವುದು. ಇಷ್ಟು ತೆಳುವಾದ್ದರಿಂದಲೇ ದಿನವಿಡೀ ಕುಡಿಯಬಹುದಿತ್ತು. ಗಟ್ಟಿ ಕಷಾಯವನ್ನು ಹಾಗೆ ಕುಡಿಸಿದರೆ ವಾಂತಿ ಗ್ಯಾರಂಟಿ.

ಇನ್ನೊಂದು ಮಾತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಗೆ ಈ ಯಾವ ಕಷಾಯವೂ ಮದ್ದಲ್ಲ. ತರಗೆಲೆ, ಸೌದೆಗೆಂದು ಕಾಡಿಗೆ ಹೋಗಿ ಉಣುಗು ಕಚ್ಚಿಸಿಕೊಂಡು ಬಂದವರಿಗೆ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿದರೆ ಒಲೆ ಹೊತ್ತಿಸುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು.

– ಇಬ್ಬರು ಆಯುರ್ವೇದ ವೈದ್ಯರು, ಶಿಕಾರಿಪುರ